ಜೇಬಿನಲ್ಲಿದ್ದ ಕ್ಯಾಸೆಟ್

1982ರ ಆರಂಭದ ತಿಂಗಳುಗಳಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಡಬ್ಬಿಯೂ ಇಲ್ಲದ ಒಂದು ಕ್ಯಾಸೆಟ್ಟನ್ನು ಜೀನ್ಸ್ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ಓಡಾಡಿದರು. ಅದರಲ್ಲಿ ಅವರು ತಮ್ಮ ಮಲಗುವ ಕೋಣೆಯಲ್ಲಿ ಕುಳಿತು ಹಾಡಿದ್ದ ಹದಿನೈದರಷ್ಟು ಹಾಡುಗಳಿದ್ದವು. ವಾದ್ಯವೃಂದದವರಿಗೆ ಕೇಳಿಸಿ, ಸ್ಟುಡಿಯೊದಲ್ಲಿ ಸರಿಯಾಗಿ ಮುದ್ರಿಸಲೆಂದು ಮಾಡಿಕೊಂಡ ಕರಡು ಅದು. ಆ ಕರಡೇ ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ನೆಬ್ರಾಸ್ಕಾ’ ಎಂಬ ಹೆಸರಿನ ಆಲ್ಬಮ್ ಆಗಿ ಹೊರಬಂದಿತು. ಕರಡು ಅನುಮೋದನೆಗೊಂಡು ಶುದ್ಧಪ್ರತಿಯಾಗುವ ತನಕ ಯಾವ ಕಾಗದಕ್ಕೂ ಬೆಲೆಯಿಲ್ಲವೆಂಬ ನಿಯಮದಲ್ಲೇ ದಿನ ಕಳೆಯುವ ನಮ್ಮಂಥ ಕಚೇರಿಯವರಿಗೆ ಈ ಪ್ರಸಂಗ ವಿಶೇಷವಾಗಿ ಕಾಡುವಂಥದು. ಶುದ್ಧಪ್ರತಿ ತೆಗೆಯುವ ಪ್ರಯತ್ನಗಳೆಲ್ಲವೂ ಇಲ್ಲಿ ನಡೆದವು. ಹಣವೂ ನುರಿತ ಕೈಗಳೂ ಬೇಕಾದಷ್ಟಿದ್ದವು. ಆದರೂ ಕರಡೇ ಗೆದ್ದದ್ದು ಏಕೆ ಎಂಬುದನ್ನು ತಿಳಿಯಬೇಕಾದರೆ ಟೇಪಿನ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಸುತ್ತಬೇಕಾಗುತ್ತದೆ.

ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಉದ್ದನೆಯ ಪಟ್ಟಿಗೆ ಲೇಪಿಸಿ ಅದರ ಮೇಲೆ ಧ್ವನಿಯನ್ನು ಅಯಸ್ಕಾಂತದ ಗುರುತಾಗಿ ಉಳಿಸಬಹುದೆಂದು 1928ರಲ್ಲಿ ತೋರಿಸಿದವರು ಜರ್ಮನಿಯ ಫ್ರಿಟ್ಸ್ ಪ್ಲಾಯ್ಮರ್. ಎಇಜಿ ಕಂಪನಿ 1935ರಲ್ಲಿ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ‘ಮ್ಯಾಗ್ನೆಟೊಫೋನ್’ ಯಂತ್ರವನ್ನು ಮುಂದಿಟ್ಟಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯ ಜ್ಯಾಕ್ ಮಲಿನ್ ಅಂಥ ಎರಡು ಯಂತ್ರಗಳನ್ನು ಬಿಡಿಭಾಗಗಳಾಗಿ ಕಳಚಿ ಅಂಚೆಯ ಮೂಲಕ ತಮ್ಮ ಊರಿಗೆ ರವಾನಿಸಿದರು. ಅಲ್ಲಿ ಅದನ್ನು ಆತುಕೊಂಡವರು ಹಾಡುಗಾರ ಬಿಂಗ್ ಕ್ರಾಸ್ಬಿ. ಪ್ರತಿ ವಾರ ರೇಡಿಯೊದಲ್ಲಿ ನೇರಪ್ರಸಾರಕ್ಕೆ ನಿಲ್ಲುವ ಬಂಧನ ಅವರಿಗೆ ಬೇಡವಾಗಿತ್ತು.

ಇದೇ ಕ್ರಾಸ್ಬಿ 1949ರಲ್ಲಿ ಒಂದು ಆಂಪೆಕ್ಸ್ ಟೇಪ್ ಯಂತ್ರವನ್ನು ಗಿಟಾರ್ ವಾದಕ ಲೆಸ್ ಪಾಲ್‌ಗೆ ಉಡುಗೊರೆಯಾಗಿ ಕೊಟ್ಟರು. ಮನೆಯಲ್ಲಿ ಕುಳಿತು ಟೇಪಿನ ಮೇಲೆ ಸಂಗೀತ ಕಟ್ಟುವ ಪರಂಪರೆಗೆ ಮೂಲಪುರುಷನನ್ನು ಹುಡುಕುವುದಾದರೆ ನಾವು ಲೆಸ್ ಪಾಲ್ ಬಳಿಯೇ ನಿಲ್ಲಬೇಕು. ಟೇಪ್ ಯಂತ್ರದಲ್ಲಿ ಮೊದಲು ಅಳಿಸುವ ಹೆಡ್, ಆಮೇಲೆ ಮುದ್ರಿಸುವ ಹೆಡ್, ಕೊನೆಗೆ ಓದುವ ಹೆಡ್ ಇರುತ್ತವೆ. ಲೆಸ್ ಪಾಲ್ ಅಳಿಸುವ ಹೆಡ್‌ನ ಮುಂದೆ ಇನ್ನೊಂದು ಓದುವ ಹೆಡ್ಡನ್ನು ಕೂರಿಸಿದರು. ಹಳೆಯ ಧ್ವನಿ ಅಳಿಯುವ ಮುನ್ನವೇ ಅದನ್ನು ಓದಿ, ಈಗ ನುಡಿಸುತ್ತಿರುವ ಗಿಟಾರಿನೊಡನೆ ಬೆರೆಸಿ, ಅದೇ ಟೇಪಿನ ಮೇಲೆ ಮತ್ತೆ ಮುದ್ರಿಸುವ ಉಪಾಯ ಇದು. ಹೀಗೆ ಒಬ್ಬನೇ ಹತ್ತು ಗಿಟಾರುಗಳಾಗಬಹುದು. ಅವರ ಪತ್ನಿ ಮೇರಿ ಫೋರ್ಡ್ ಒಬ್ಬರೇ ಒಂದು ಗಾಯನವೃಂದವಾಗಬಹುದು. ಆದರೆ ಪ್ರತಿ ಸುತ್ತಿನಲ್ಲೂ ಹಳೆಯದು ಅಳಿದುಹೋಗುತ್ತದೆ. ಹತ್ತನೆಯ ಸುತ್ತಿನಲ್ಲಿ ಒಂದು ಸ್ವರ ಜಾರಿದರೆ ಮೊದಲ ಒಂಬತ್ತೂ ಹೋದಂತೆಯೇ. ಸುತ್ತು ಹೆಚ್ಚಿದಷ್ಟೂ ಹಳೆಯ ಧ್ವನಿ ಮಸುಕಾಗುವುದರಿಂದ, ಹಾಡಿನಲ್ಲಿ ಅಷ್ಟು ಮುಖ್ಯವಲ್ಲದ ಭಾಗಗಳನ್ನು ಅವರು ಮೊದಲು ಮುದ್ರಿಸುತ್ತಿದ್ದರು. ಮನೆಯಲ್ಲಿಯೇ ಹೀಗೆ ಕಟ್ಟಿದ ‘ಹೌ ಹೈ ದ ಮೂನ್’ 1951ರಲ್ಲಿ ಒಂಬತ್ತು ವಾರ ಅಮೆರಿಕದ ಮೊದಲ ಸ್ಥಾನದಲ್ಲಿತ್ತು.

ಲೆಸ್ ಪಾಲ್‌ಗೆ ಮನೆಯೆಂದರೆ ಪ್ರಯೋಗಶಾಲೆ. ಬೇರೆಯವರ ಗಡಿಯಾರ ಅಲ್ಲಿಲ್ಲ. ಬೇಕಾದಷ್ಟು ಸಲ ತಿದ್ದಬಹುದು. ಆ ದಂಪತಿ ಮುಂದೆ ನ್ಯೂಜರ್ಸಿಯ ಮಾಹ್ವಾ ಎಂಬ ಊರಿನಲ್ಲಿ ನೆಲೆಸಿದರು; 1957ರಲ್ಲಿ ಆಂಪೆಕ್ಸ್‌ನವರು ತಯಾರಿಸಿಕೊಟ್ಟ ಎಂಟು ಟ್ರ್ಯಾಕಿನ ಯಂತ್ರವೂ ಅವರ ಮನೆಗೇ ಬಂದಿತು. ಈ ಊರಿನ ಹೆಸರನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ದೊಡ್ಡ ಸುರುಳಿಯ ಟೇಪು ಸಾಮಾನ್ಯರ ಮನೆಗೆ ಬರುವ ವಸ್ತುವಾಗಿರಲಿಲ್ಲ. ಅದನ್ನು ಬದಲಿಸಿದ್ದು 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್. ಲೂ ಓಟನ್ಸ್ ಎಂಬ ಎಂಜಿನಿಯರರ ತಂಡ ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ ಅದನ್ನು ರೂಪಿಸಿತು. 4 ಮಿಲಿಮೀಟರಿಗಿಂತಲೂ ಕಿರಿದಾದ ಆ ಟೇಪು ಸಂಗೀತಕ್ಕಾಗಿ ಹುಟ್ಟಿದ್ದಲ್ಲ, ಮಾತು ಮುದ್ರಿಸಲಿಕ್ಕೆ ಹುಟ್ಟಿದ್ದು. ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಅದು ಏನೇನು ಮಾಡಿತೆಂಬುದನ್ನು ಪೀಟರ್ ಮ್ಯಾನ್ಯುಯೆಲ್ 1993ರ ತಮ್ಮ ‘ಕ್ಯಾಸೆಟ್ ಕಲ್ಚರ್’ ಗ್ರಂಥದಲ್ಲಿ ವಿವರಿಸಿದ್ದಾರೆ; ಒಂದೇ ಕಂಪನಿಯ ಹಿಡಿತದಲ್ಲಿದ್ದ ಸಂಗೀತದ ಮಾರುಕಟ್ಟೆ ಒಡೆದು ಪ್ರಾದೇಶಿಕ ಭಾಷೆಗಳ, ಸಣ್ಣ ಊರುಗಳ ದನಿಗಳು ಹೊರಬಿದ್ದವು. ಭಾವಗೀತೆ, ಹರಿಕಥೆ, ಯಕ್ಷಗಾನದ ಪ್ರಸಂಗಗಳು ಕರ್ನಾಟಕದಿಂದ ಹೊರಗಿದ್ದ ನಮ್ಮ ಮನೆಗಳಿಗೆ ತಲುಪಿದ್ದು ಈ ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ. ಅಂಗಡಿಯಲ್ಲಿ ಕೊಂಡವುಗಳಿಗಿಂತ ಹೆಚ್ಚಾಗಿ, ಯಾರೋ ರಂಗಸ್ಥಳದ ಬದಿಯಲ್ಲಿ ಟು-ಇನ್-ಒನ್ ಇಟ್ಟು ರಾತ್ರಿಯಿಡೀ ಮುದ್ರಿಸಿ ಪ್ರತಿ ಮಾಡಿ ಹಂಚಿದವು. ಹೊಸ ಕ್ಯಾಸೆಟ್ಟಿಗೆ ಕಾಸಿಲ್ಲದಾಗ ಹಳೆಯದರ ತಲೆಯ ಮೇಲಿನ ತೂತಿಗೆ ಕಾಗದ ತುರುಕಿ ಅದರ ಮೇಲೇ ಮುದ್ರಿಸುತ್ತಿದ್ದ ವಿದ್ಯೆ ನಮ್ಮ ಪೀಳಿಗೆಯವರಿಗೆಲ್ಲ ಕರತಲಾಮಲಕ. ಆ ಧ್ವನಿಗಳಲ್ಲಿ ಭಾಗವತರ ಪದದ ಜೊತೆಗೆ ಜನರೇಟರಿನ ಗುಂಯ್‌ಗುಟ್ಟುವಿಕೆಯೂ, ಮುಂದಿನ ಸಾಲಿನವರ ಕೆಮ್ಮೂ ಇದ್ದವು. ಅವನ್ನು ದೋಷವೆಂದು ಆಗ ಯಾರೂ ಎಣಿಸಿದಂತಿಲ್ಲ.

1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ‘ಪೋರ್ಟಾಸ್ಟುಡಿಯೊ 144’ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಸಾಧಾರಣ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕುಗಳಿರುತ್ತವೆ, ಎರಡು ಒಂದು ಬದಿಗೆ, ಎರಡು ಇನ್ನೊಂದು ಬದಿಗೆ. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸಿತು. ವೇಗವನ್ನೂ ಇಮ್ಮಡಿಗೊಳಿಸಿ ಸೆಕೆಂಡಿಗೆ 9.5 ಸೆಂಟಿಮೀಟರಿನಂತೆ ಟೇಪನ್ನು ಓಡಿಸಿತು. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದುದು 22 ನಿಮಿಷ ಚಿಲ್ಲರೆ ಮಾತ್ರ. ಆ ಕಾಲದ ದೊಡ್ಡ ಸ್ಟುಡಿಯೊಗಳಲ್ಲಿ ಎರಡು ಇಂಚು ಅಗಲದ, 24 ಟ್ರ್ಯಾಕಿನ ಟೇಪು ಸೆಕೆಂಡಿಗೆ 38 ಅಥವಾ 76 ಸೆಂಟಿಮೀಟರಿನ ವೇಗದಲ್ಲಿ ಓಡುತ್ತಿತ್ತು. ಟೇಪು ಅಗಲವಾಗಿದ್ದು ವೇಗವಾಗಿ ಓಡಿದಷ್ಟೂ ಧ್ವನಿ ಸ್ವಚ್ಛ; ಕಿರಿದಾಗಿ ನಿಧಾನವಾದಷ್ಟೂ ಹಿನ್ನೆಲೆಯ ‘ಸ್ಸ್’ ಎಂಬ ಸದ್ದು ಹೆಚ್ಚು. ಆದರೆ ಪೋರ್ಟಾಸ್ಟುಡಿಯೊವನ್ನು ಮೇಜಿನ ಮೇಲೆ ಇಡಬಹುದಿತ್ತು. ಮಿಶ್ರಣದ ಗುಂಡಿಗಳೂ ಅದರೊಳಗೇ ಇದ್ದವು.

ಸ್ಪ್ರಿಂಗ್‌ಸ್ಟೀನ್ ಅದನ್ನು ತರಿಸಿದ್ದು ವ್ಯವಹಾರದ ಕಾರಣಕ್ಕೆ. ಅವರ ಹಿಂದಿನ ಆಲ್ಬಮ್ ‘ದ ರಿವರ್’ ಸ್ಟುಡಿಯೊದಲ್ಲಿ ವರ್ಷಕ್ಕೂ ಹೆಚ್ಚು ಕಾಲ ನುಂಗಿತ್ತು. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ದುಬಾರಿ ಸ್ಟುಡಿಯೊಗೆ ಹೋಗಿ ಪರೀಕ್ಷಿಸುವ ಬದಲು ಮನೆಯಲ್ಲೇ ನೋಡಿಕೊಳ್ಳೋಣವೆಂದು ಗಿಟಾರ್ ಸಹಾಯಕ ಮೈಕ್ ಬ್ಯಾಟ್ಲನ್ ಅವರಿಗೆ ಒಂದು ಯಂತ್ರ ತರಲು ಹೇಳಿದರು. ನ್ಯೂಜರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿ ಅವರದೊಂದು ಬಾಡಿಗೆ ಮನೆ. 1981ರ ಕೊನೆ ಮತ್ತು 1982ರ ಜನವರಿಯ ಮೊದಲ ದಿನಗಳಲ್ಲಿ ಅಲ್ಲಿಯ ಮಲಗುವ ಕೋಣೆಯಲ್ಲಿ ಎರಡು ಶೂರ್ ಎಸ್‌ಎಂ57 ಮೈಕುಗಳನ್ನು ನಿಲ್ಲಿಸಿ, ಒಂದಕ್ಕೆ ಬಾಯಿ, ಒಂದಕ್ಕೆ ಗಿಟಾರು ಎಂದು ಹಂಚಿ ಹಾಡಿದರು. ಉಳಿದ ಎರಡು ಟ್ರ್ಯಾಕುಗಳಲ್ಲಿ ಮತ್ತೊಂದು ದನಿ, ಹಾರ್ಮೋನಿಕಾ, ಮ್ಯಾಂಡೊಲಿನ್, ಹೀಗೆ ಏನಾದರೊಂದು. ಬಳಿಕ ನಾಲ್ಕನ್ನೂ ಬೆರೆಸಿ, ಎಕೊಪ್ಲೆಕ್ಸ್ ಎಂಬ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿ, ಒಮ್ಮೆ ನೀರಿಗೆ ಬಿದ್ದು ಕೆಟ್ಟು ಹೇಗೋ ಮತ್ತೆ ಜೀವ ತಳೆದಿದ್ದ ಪ್ಯಾನಾಸೋನಿಕ್ ಟೇಪ್ ರೆಕಾರ್ಡರಿಗೆ ಇಳಿಸಿದರು. ಹೆಡ್‌ಗಳನ್ನು ಶುಚಿ ಮಾಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹೀಗೆ ತಯಾರಾದ ಕ್ಯಾಸೆಟ್ಟನ್ನು, ಪ್ರತಿ ಹಾಡಿನ ಬಗ್ಗೆ ಕೈಬರಹದ ಟಿಪ್ಪಣಿ ಸೇರಿಸಿ, ತಮ್ಮ ವ್ಯವಸ್ಥಾಪಕ ಜಾನ್ ಲ್ಯಾಂಡೌ ಅವರಿಗೆ ಕಳುಹಿಸಿದರು.

ಇನ್ನು ಹಾಡುಗಳ ಒಳಗೇನಿದೆ ಎಂಬುದು. ಟೆರೆನ್ಸ್ ಮ್ಯಾಲಿಕ್‌ರ ‘ಬ್ಯಾಡ್‌ಲ್ಯಾಂಡ್ಸ್’ ಚಿತ್ರ ನೋಡಿದ ಸ್ಪ್ರಿಂಗ್‌ಸ್ಟೀನ್, ಅದಕ್ಕೆ ಪ್ರೇರಣೆಯಾದ 1958ರ ಚಾರ್ಲ್ಸ್ ಸ್ಟಾರ್ಕ್‌ವೆದರ್ ಕೊಲೆಗಳ ಬಗ್ಗೆ ಓದತೊಡಗಿದ್ದರು. ಶೀರ್ಷಿಕೆಯ ಹಾಡು ಆ ಕೊಲೆಗಾರನ ಬಾಯಲ್ಲೇ ನಡೆಯುತ್ತದೆ. ಅದೇ ಹೊತ್ತಿಗೆ ಫ್ಲ್ಯಾನರಿ ಓಕಾನರ್‌ರ ಕತೆಗಳನ್ನೂ ಅವರು ಓದುತ್ತಿದ್ದರು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಾಗಿ ಓಕಾನರ್‌ರನ್ನು ಓದಿದ ನಮಗೆ ಆ ಜಾಡು ಸ್ಪಷ್ಟವಾಗಿ ಕಾಣುತ್ತದೆ: ಕೇಡನ್ನು ವಿವರಿಸುವ ಗೋಜಿಲ್ಲ, ಕ್ಷಮೆಯನ್ನು ಕೇಳುವ ಆತುರವಿಲ್ಲ, ಹೇಳುವ ದನಿ ತೀರ ಸಪಾಟು. ‘ಜಾನಿ 99’ರಲ್ಲಿ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವನು ಕುಡಿದು ಒಬ್ಬ ಗುಮಾಸ್ತನನ್ನು ಕೊಲ್ಲುತ್ತಾನೆ, ನ್ಯಾಯಾಧೀಶ 99 ವರ್ಷಗಳ ಶಿಕ್ಷೆ ವಿಧಿಸುತ್ತಾನೆ. ಮುಚ್ಚಿದ ಕಾರ್ಖಾನೆ ಇರುವುದು ಮಾಹ್ವಾದಲ್ಲಿ. ಲೆಸ್ ಪಾಲ್ ತಮ್ಮ ಮನೆಯನ್ನು ಸ್ಟುಡಿಯೊ ಮಾಡಿಕೊಂಡಿದ್ದ ಅದೇ ಊರು. ಅಲ್ಲಿದ್ದ ಫೋರ್ಡ್ ಕಾರು ಕಾರ್ಖಾನೆ ನಿಜಕ್ಕೂ 1980ರಲ್ಲಿ ಬಾಗಿಲು ಹಾಕಿತ್ತು.

ಆ ವಸಂತದಲ್ಲಿ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೊದಲ್ಲಿ ಇ ಸ್ಟ್ರೀಟ್ ಬ್ಯಾಂಡ್ ಸೇರಿತು. ಹಾಡುಗಳನ್ನು ಪೂರ್ಣ ವಾದ್ಯವೃಂದದೊಡನೆ ಮುದ್ರಿಸಿ ನೋಡಿದರು. ಅದೇ ಕ್ಯಾಸೆಟ್ಟಿನಲ್ಲಿದ್ದ ‘ಬಾರ್ನ್ ಇನ್ ದ ಯುಎಸ್ಎ’ ವಾದ್ಯಗಳ ನಡುವೆ ಹೊತ್ತಿಕೊಂಡು, 1984ರಲ್ಲಿ ಬಂದ ಅದೇ ಹೆಸರಿನ ಆಲ್ಬಮ್‌ಗೆ ಮೂಲವಾಗಿ, ಕೋಟಿಗಟ್ಟಲೆ ಮಾರಾಟವಾಯಿತು. ಮಿಕ್ಕವುಗಳಲ್ಲಿ ಹೆಚ್ಚಿನವು ಬಾಡಿದವು. ಆ ವಾದ್ಯವೃಂದದ ಆವೃತ್ತಿಗಳು ದಶಕಗಳ ಕಾಲ ಬೀರುವಿನಲ್ಲಿದ್ದು 2025ರ ಅಕ್ಟೋಬರಿನಲ್ಲಿ ಬಿಡುಗಡೆಯಾಗಿವೆ. ಕೇಳಿದರೆ ತಾಳ ತಪ್ಪಿಲ್ಲ, ಶ್ರುತಿ ಕೆಟ್ಟಿಲ್ಲ. ಆದರೆ ಮಾಹ್ವಾದ ಆ ನಿರುದ್ಯೋಗಿಯ ಸುತ್ತ ಈಗ ಹುರುಪಿನ ಗೆಳೆಯರ ಗುಂಪೊಂದು ನಿಂತಂತಾಗಿದೆ. ಆತ ಕೊಲೆ ಮಾಡುವಷ್ಟು ಒಂಟಿಯೆಂದು ನಂಬುವುದು ಕಷ್ಟ. ಸ್ಪ್ರಿಂಗ್‌ಸ್ಟೀನ್ ಒಬ್ಬರೇ ಸ್ಟುಡಿಯೊದಲ್ಲಿ ಗಿಟಾರು ಹಿಡಿದು ಮತ್ತೆ ಹಾಡಿದ್ದೂ ಉಂಟು; ಅದೂ ಕೂಡಿಬರಲಿಲ್ಲ. ವಾದ್ಯಗಳು ಹೆಚ್ಚಾದದ್ದಷ್ಟೇ ಕಾರಣವಲ್ಲವೆಂದು ಇದರಿಂದ ತಿಳಿಯುತ್ತದೆ. ಕೋಣೆಯಲ್ಲಿ ಹಾಡುವಾಗ ಅವರಿಗೆ ಇದು ಆಲ್ಬಮ್ ಎಂಬ ಅರಿವಿರಲಿಲ್ಲ. ಯಾರಿಗೂ ಕೇಳಿಸಲೆಂದು ಹಾಡದ ದನಿಯನ್ನು, ಕೇಳಿಸಲೆಂದು ನಿಂತ ಮೇಲೆ ಮರಳಿ ತರಲಾಗುವುದಿಲ್ಲ. ಟೇಪು ಹಾಡಿನ ಜೊತೆಗೆ ಆ ಅರಿವಿಲ್ಲದಿರುವಿಕೆಯನ್ನೂ ಹಿಡಿದಿತ್ತು ಎಂದು ನಮ್ಮ ಎಣಿಕೆ.

ಹಾಗಾದರೆ ಆ ಕ್ಯಾಸೆಟ್ಟನ್ನೇ ಬಿಡುಗಡೆ ಮಾಡೋಣವೆಂದು ತೀರ್ಮಾನವಾಯಿತು. ಹೇಳಿದಷ್ಟು ಸುಲಭವಿರಲಿಲ್ಲ. ಆಗ ಆಲ್ಬಮ್ ಎಂದರೆ ಮೊದಲಿಗೆ ಎಲ್‌ಪಿ ತಟ್ಟೆ. ಕ್ಯಾಸೆಟ್ಟಿನ ಧ್ವನಿಯನ್ನು ಮೆರುಗೆಣ್ಣೆಯ ಮೂಲ ತಟ್ಟೆಯ ಮೇಲೆ ಗೀರಾಗಿ ಕೊರೆಯಬೇಕು. ಮುದ್ರಣದ ಮಟ್ಟ ಕೆಳಗೆ, ಸದ್ದು ಮೇಲೆ, ಯಂತ್ರದ ವೇಗ ಹೆಚ್ಚುಕಡಿಮೆ. ಟೋಬಿ ಸ್ಕಾಟ್, ಚಕ್ ಪ್ಲಾಟ್ಕಿನ್ ಮೊದಲಾದವರು ಒಂದು ಕೇಂದ್ರದಿಂದ ಮತ್ತೊಂದಕ್ಕೆ ಅಲೆದರು. ಕೊನೆಗೆ ತಟ್ಟೆಯನ್ನೇ ಕೈಬಿಟ್ಟು ಕ್ಯಾಸೆಟ್ ಆಗಿ ಮಾತ್ರ ಹೊರತರೋಣವೆಂಬ ಮಾತೂ ಬಂದಿತ್ತು. ಅಟ್ಲಾಂಟಿಕ್ ಸ್ಟುಡಿಯೊದ ಡೆನ್ನಿಸ್ ಕಿಂಗ್ ಧ್ವನಿಯ ಮಟ್ಟವನ್ನು ತಗ್ಗಿಸಿ ಕೊರೆದದ್ದು ಅಂತೂ ನಿಂತಿತು.

ಮನೆಯಲ್ಲಿ ಒಂದು ಯಂತ್ರವಿದ್ದರೆ ಯಾರು ಬೇಕಾದರೂ ಇಂಥ ಆಲ್ಬಮ್ ಮಾಡಬಹುದೆಂಬ ಉತ್ಸಾಹದ ಮಾತನ್ನು ‘ನೆಬ್ರಾಸ್ಕಾ’ದ ಹೆಸರಿನಲ್ಲಿ ಆಗಾಗ ಕೇಳುತ್ತೇವೆ. ನಮಗೆ ಅದರಲ್ಲಿ ಅರ್ಧ ಸಂದೇಹ. ಮುದ್ರಿಸಬಹುದು, ದಿಟ. ಆದರೆ ಕೊರೆಯುವ ತಜ್ಞರನ್ನು ತಿಂಗಳುಗಟ್ಟಲೆ ಹುಡುಕಿಸಲು, ಸಂಚಾರವೂ ಸಂದರ್ಶನವೂ ಇಲ್ಲದೆ ಬಿಡುಗಡೆ ಮಾಡಲು, ಕೊಲಂಬಿಯಾದಂಥ ಕಂಪನಿಯನ್ನು ಒಪ್ಪಿಸಲು ಆಗಲೇ ಹೆಸರಾಗಿದ್ದ ಗಾಯಕನಿಗಷ್ಟೇ ಸಾಧ್ಯವಿತ್ತು. ‘ಅಟ್ಲಾಂಟಿಕ್ ಸಿಟಿ’ ಹಾಡಿಗೆ ಮಾಡಿದ ಕಪ್ಪು-ಬಿಳುಪು ವಿಡಿಯೊದಲ್ಲಿ ಗಾಯಕ ಕಾಣಿಸುವುದೇ ಇಲ್ಲ. ಹೊಸಬನೊಬ್ಬ ಇದನ್ನು ಕೇಳಿದ್ದರೆ ಬಾಗಿಲು ತೋರಿಸುತ್ತಿದ್ದರು. ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿತು.

ಅದೇ ವರ್ಷಗಳಲ್ಲಿ ಪೋರ್ಟಾಸ್ಟುಡಿಯೊ ಕೊಂಡು ಹಾಡಿದ, ಹೆಸರಾಗದ ಎಷ್ಟೋ ಜನರ ಟೇಪುಗಳು ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿವೆ. ಅವನ್ನು ಸಾಧಾರಣ ಯಂತ್ರಕ್ಕೆ ಹಾಕಿದರೆ ಎರಡು ಟ್ರ್ಯಾಕುಗಳು ಅರ್ಧ ವೇಗದಲ್ಲಿ, ಒಂದು ಸ್ಥಾಯಿ ಕೆಳಗೆ ಮುಲುಗುತ್ತವೆ. ಮಗುಚಿ ಹಾಕಿದರೆ ಉಳಿದೆರಡು ಹಿಂದುಮುಂದಾಗಿ ಕೇಳುತ್ತವೆ. ನಮ್ಮ ಮನೆಗಳ ಯಕ್ಷಗಾನದ ಕ್ಯಾಸೆಟ್ಟುಗಳಿಗೆ ಆ ತೊಡಕಿಲ್ಲ, ಯಾವ ಹಳೆಯ ಟೇಪ್ ರೆಕಾರ್ಡರ್ ಆದರೂ ಸಾಕು. ಆ ರಾತ್ರಿಗಳ ಬೇರೆ ಪ್ರತಿ ಎಲ್ಲಿಯೂ ಇರಲಾರದು. ಹಲವರು ದನಿ ಮಂಕಾಗಿದೆಯೆಂದು ಅವನ್ನು ರದ್ದಿಗೆ ಹಾಕುತ್ತಿದ್ದಾರೆ. ಎಷ್ಟೋ ಸಲ ಟೇಪು ಕೆಟ್ಟಿರುವುದಿಲ್ಲ. ಅದನ್ನು ಹೆಡ್‌ಗೆ ಒತ್ತಿ ಹಿಡಿಯುವ ಉಗುರಿನಗಲದ ಮೆತ್ತೆ ಅಂಟು ಒಣಗಿ ಉದುರಿರುತ್ತದೆ. ಬೇಡದ ಇನ್ನೊಂದು ಕ್ಯಾಸೆಟ್ಟಿನಿಂದ ಆ ಮೆತ್ತೆಯನ್ನು ಬಿಡಿಸಿ ಇಲ್ಲಿ ಅಂಟಿಸಬಹುದು. ಕಾಲು ಗಂಟೆಯ ಕೆಲಸ.