ಪೆಟ್ಟಿಗೆ ಬಂದ್ ಆದ ಮೇಲಿನ ಮಾತು

ನಮ್ಮಲ್ಲಿ ರೇಡಿಯೋದ ಇತಿಹಾಸವನ್ನು ಬರೆಯುವವರು ಹೆಚ್ಚಾಗಿ ಪ್ರಸಾರ ಕೇಂದ್ರದ ಒಳಗೆ ಕುಳಿತೇ ಬರೆಯುತ್ತಾರೆ. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಅದರ 'ಆಕಾಶವಾಣಿ' ಎಂಬ ಹೆಸರನ್ನೇ ಮುಂದೆ ಇಡೀ ದೇಶ ತನ್ನದಾಗಿಸಿಕೊಂಡಿತು. ಧಾರವಾಡ ಕೇಂದ್ರ 1950ರ ಜನವರಿ 8ರಂದು ಹುಟ್ಟಿತು. ಬೇಂದ್ರೆಯವರು ಅಲ್ಲಿ ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು, ಎನ್ಕೆ ಕುಲಕರ್ಣಿಯವರು ನೌಕರಿ ಮಾಡಿದರು. ಇವೆಲ್ಲ ಹೆಮ್ಮೆಯ ಸಂಗತಿಗಳೇ, ಅನುಮಾನವಿಲ್ಲ. ಆದರೆ ಮಾತು ಎಂಬುದು ಆಡುವವನಿಂದ ಮಾತ್ರ ಆಗುವುದಿಲ್ಲ. ಕೇಳಿದವನು ಏನು ಮಾಡಿದ? ತಿರುಗಿ ಏನಾದರೂ ಅಂದನೇ? ಅಂದಿದ್ದರೆ ಅದು ಯಾರ ಕಿವಿಗೆ ಬಿತ್ತು?

ಈ ಪ್ರಶ್ನೆಗಳನ್ನು ಕೇಳಲು ಬೆಳಗಾವಿ ಜಿಲ್ಲೆಯ ಉತ್ತರದ ತುದಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ಈ ಐದೂ ಊರುಗಳ ಜನ ಎರಡು ಭಾಷೆಯ ರೇಡಿಯೋ ಕೇಳುತ್ತ ಬೆಳೆದವರು. ಮಧ್ಯಮ ತರಂಗದ ಅಲೆ ನೆಲವನ್ನು ತಬ್ಬಿಕೊಂಡು ಸಾಗುತ್ತದೆ, ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ. 1963ರಲ್ಲಿ ಸಾಂಗ್ಲಿಯಲ್ಲೂ ಆಕಾಶವಾಣಿ ಕೇಂದ್ರವಾದ ಮೇಲೆ ಮಿರಜದ ಮಗ್ಗುಲಲ್ಲಿರುವ ಕಾಗವಾಡಕ್ಕೆ ಧಾರವಾಡದ ಕನ್ನಡಕ್ಕಿಂತ ಸಾಂಗ್ಲಿಯ ಮರಾಠಿಯೇ ಹತ್ತಿರವಾಯಿತು. ಮುಳ್ಳನ್ನು ಸ್ವಲ್ಪ ತಿರುವಿದರೆ ಭಾಷೆ ಬದಲಾಗುತ್ತಿತ್ತು. ಕಬ್ಬು, ತಂಬಾಕು, ನದಿ, ಸಾಲ ಮಾತ್ರ ಎರಡೂ ಕಡೆ ಅವೇ ಇದ್ದವು.

1956: ಗಡಿಯ ಆಚೆಯ ಪ್ರಯೋಗ

1956ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆಕಾಶವಾಣಿಯ ಪುಣೆ ಕೇಂದ್ರ ಒಂದು ಪ್ರಯೋಗ ನಡೆಸಿತು. ಯುನೆಸ್ಕೋದ ನೆರವು ಅದಕ್ಕಿತ್ತು. ಪುಣೆ, ಅಹಮದ್‌ನಗರ, ನಾಸಿಕ್, ಉತ್ತರ ಸಾತಾರಾ, ಕೊಲ್ಹಾಪುರ ಎಂಬ ಐದು ಜಿಲ್ಲೆಗಳಲ್ಲಿ ಸುಮಾರು 150 ಹಳ್ಳಿಗಳನ್ನು ಆರಿಸಿದರು. ಕೊಲ್ಹಾಪುರ ಎಂದರೆ ನಿಪ್ಪಾಣಿಯ ನೆರೆಮನೆ. ಆಗ ಬೆಳಗಾವಿ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತು. ಅದೇ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಪ್ರಯೋಗ ಮರಾಠಿಯಲ್ಲಿ ನಡೆದದ್ದರಿಂದ ನಮ್ಮ ತಾಲೂಕುಗಳು ಅದರ ಹೊರಗೆ ಉಳಿದವು.

ಪ್ರಯೋಗ ಬಹಳ ಸರಳವಾದದ್ದು. ಪ್ರತಿ ಹಳ್ಳಿಯಲ್ಲಿ ಸುಮಾರು ಇಪ್ಪತ್ತು ಜನರ ಒಂದು ಮಂಡಳಿ. ವಾರಕ್ಕೆ ಎರಡು ಸಂಜೆ ಅವರು ರೇಡಿಯೋ ಪೆಟ್ಟಿಗೆಯ ಸುತ್ತ ಸೇರಬೇಕು. ಅರ್ಧ ತಾಸಿನ ಕಾರ್ಯಕ್ರಮ ಕೇಳಬೇಕು. ಆಮೇಲೆ ಪೆಟ್ಟಿಗೆ ಬಂದ್ ಮಾಡಿ ತಮ್ಮೊಳಗೇ ಚರ್ಚಿಸಬೇಕು. ಸಂಚಾಲಕನೊಬ್ಬ ಬರೆದುಕೊಂಡು ವರದಿಯನ್ನೂ ಪ್ರಶ್ನೆಗಳನ್ನೂ ಪುಣೆಗೆ ಕಳಿಸಬೇಕು. ಅಲ್ಲಿಂದ ಉತ್ತರ ರೇಡಿಯೋದಲ್ಲೇ ಬರುತ್ತಿತ್ತು. ಹತ್ತು ವಾರ, ಇಪ್ಪತ್ತು ಕಾರ್ಯಕ್ರಮ.

ಈ ಮಾದರಿ ಬಂದದ್ದು ಕೆನಡಾದಿಂದ. ಅಲ್ಲಿನ ರೈತರು 1941ರಿಂದ 1965ರವರೆಗೆ ನೆರೆಹೊರೆಯವರ ಮನೆಗಳಲ್ಲಿ ಕೂಡಿ ರೇಡಿಯೋ ಕೇಳಿ ಚರ್ಚಿಸುತ್ತಿದ್ದರು. ಓದಿ, ಕೇಳಿ, ಚರ್ಚಿಸಿ, ಕೆಲಸ ಮಾಡಿ ಎಂಬುದು ಅವರ ಘೋಷಣೆ. ಬಹುಪಾಲು ಜನರಿಗೆ ಓದು ಬಾರದ ನಮ್ಮ ಹಳ್ಳಿಗೆ ಬರುವಾಗ ಮೊದಲ ಪದ ಬಿಟ್ಟುಹೋಯಿತು. ಉಳಿದದ್ದು: ಕೇಳಿ, ಚರ್ಚಿಸಿ, ಮಾಡಿ.

ಫಲಿತಾಂಶವನ್ನು ಅಳೆದವರು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು. ಮುಂದಾಳಾಗಿದ್ದವರು ಪೌಲ್ ನೊಯ್ರಾತ್ ಎಂಬ ಸಮಾಜಶಾಸ್ತ್ರಜ್ಞ. ವಿಯೆನ್ನಾದವರಾದ ಇವರು ಹಿಟ್ಲರನ ಡಖಾವ್, ಬುಖನ್‌ವಾಲ್ಡ್ ಸೆರೆಶಿಬಿರಗಳಲ್ಲಿ ಇದ್ದು ಬದುಕಿ ಬಂದವರು. ಜರ್ಮನಿಯಲ್ಲಿ ರೇಡಿಯೋ ಒಬ್ಬನೇ ಮಾತಾಡುವ, ಕೋಟಿ ಜನ ಸುಮ್ಮನೆ ಕೇಳುವ ಸಾಧನವಾಗಿತ್ತು. ಆ ಕಾಲವನ್ನು ಮೈಮೇಲೆ ಅನುಭವಿಸಿದ ಮನುಷ್ಯ ಇಲ್ಲಿಗೆ ಬಂದು, ಹಳ್ಳಿಗರು ರೇಡಿಯೋಗೆ ತಿರುಗಿ ಮಾತಾಡಿದರೆ ಏನಾಗುತ್ತದೆ ಎಂದು ಪರೀಕ್ಷಿಸಿದರು.

ಮಂಡಳಿ ಇದ್ದ ಹಳ್ಳಿಗಳನ್ನು, ಬರೀ ರೇಡಿಯೋ ಇದ್ದ ಹಳ್ಳಿಗಳೊಡನೆಯೂ ರೇಡಿಯೋ ಇಲ್ಲದ ಹಳ್ಳಿಗಳೊಡನೆಯೂ ಹೋಲಿಸಿ ನೋಡಿದರು. ಮಂಡಳಿ ಇದ್ದಲ್ಲಿ ಜನರ ತಿಳಿವಳಿಕೆ ಬಹಳ ಹೆಚ್ಚಿತ್ತು. ಬರೀ ರೇಡಿಯೋ ಇದ್ದಲ್ಲಿ ಹೆಚ್ಚಳ ಅಲ್ಪ. ಅಂದರೆ ಕಲಿಸಿದ್ದು ಪೆಟ್ಟಿಗೆಯಲ್ಲ, ಪೆಟ್ಟಿಗೆ ಬಂದ್ ಆದ ಮೇಲಿನ ಮಾತು. ಓದು ಬಾರದವರೂ ಅದರಲ್ಲಿ ಕಲಿತರು. ಹಲವು ಮಂಡಳಿಗಳು ಬಾವಿ, ಬಾಲವಾಡಿಯಂಥ ಊರ ಕೆಲಸಗಳನ್ನು ತಾವೇ ಕೈಗೆತ್ತಿಕೊಂಡವು.

ಉಳಿದದ್ದು ಯಾವುದು, ಹೋದದ್ದು ಯಾವುದು?

1959ರ ನವೆಂಬರಿನಲ್ಲಿ ಈ ಯೋಜನೆ ಇಡೀ ದೇಶಕ್ಕೆ ವಿಸ್ತರಿಸಿತು. ಕಾಗದದ ಮೇಲೆ ಸಾವಿರಾರು ಮಂಡಳಿಗಳು ಹುಟ್ಟಿದವು. ಆದರೆ ಪ್ರಯೋಗದ ಕಾಲದ ಮುತುವರ್ಜಿ ವಿಸ್ತರಣೆಯಲ್ಲಿ ಉಳಿಯಲಿಲ್ಲ. ಬ್ಯಾಟರಿ ಸತ್ತರೆ ಬದಲಿಸುವವರಿಲ್ಲ, ಕೆಟ್ಟ ಪೆಟ್ಟಿಗೆಯನ್ನು ರಿಪೇರಿ ಮಾಡುವವರಿಲ್ಲ, ಕಳಿಸಿದ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಬಾರದ ಕಡೆ ಎರಡನೆಯ ಸಲ ಯಾರು ಕೇಳಿಯಾರು? 1966ರಲ್ಲಿ ಹಸಿರು ಕ್ರಾಂತಿಯ ಜೊತೆಗೆ ಕೃಷಿ ಪ್ರಸಾರಕ್ಕೆ ಪ್ರತ್ಯೇಕ ಘಟಕಗಳು ಬಂದವು. ಬೀಜ, ಗೊಬ್ಬರ, ಔಷಧಿಯ ಮಾಹಿತಿ ಹೆಚ್ಚಿತು. ಅದರಿಂದ ರೈತನಿಗೆ ಲಾಭವೂ ಆಯಿತು. ಆದರೆ ದಾರಿ ಒಮ್ಮುಖವಾಯಿತು: ತಜ್ಞರು ಹೇಳಬೇಕು, ರೈತ ಕೇಳಬೇಕು. ಟ್ರಾನ್ಸಿಸ್ಟರ್ ಬಂದು ರೇಡಿಯೋ ಚಾವಡಿಯಿಂದ ಮನೆಗೆ, ಮನೆಯಿಂದ ಹೊಲದ ಬದುವಿಗೆ ಹೋಯಿತು. ಕೇಳುವವರು ಹೆಚ್ಚಾದರು, ಕೂಡಿ ಕೇಳುವವರು ಕಡಿಮೆಯಾದರು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಆಕಾಶವಾಣಿ 1997ರವರೆಗೆ ಕೇಂದ್ರ ಸರ್ಕಾರದ ಇಲಾಖೆಯೇ ಆಗಿತ್ತು. ಅದಕ್ಕೆ ಸ್ವತಂತ್ರ ನಿಗಮ ಬೇಕೆಂದು ಚಂದಾ ಸಮಿತಿ 1966ರಲ್ಲೇ ಹೇಳಿತ್ತು. ವರ್ಗೀಸ್ ಸಮಿತಿ 1978ರಲ್ಲಿ ಮತ್ತೆ ಹೇಳಿತು. ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಆಯಿತು, ಜಾರಿಗೆ ಬರಲು ಇನ್ನೂ ಏಳು ವರ್ಷ ಹಿಡಿಯಿತು. ಇಲಾಖೆಯ ಮೈಕಿನ ಮುಂದೆ ತಂಬಾಕಿನ ರೋಗದ ಬಗ್ಗೆ ಮಾತಾಡುವುದು ಸುಲಭ. ತಂಬಾಕಿನ ದರದ ಬಗ್ಗೆ ಮಾತಾಡುವುದು ಸುಲಭವಲ್ಲ.

ನಿಪ್ಪಾಣಿ, 1981

ದರದ ಮಾತು ಬೀದಿಯಲ್ಲೇ ಆಯಿತು. 1981ರ ಮಾರ್ಚ್–ಏಪ್ರಿಲ್‌ನಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಬೆಳೆದವನು, ವ್ಯಾಪಾರಿ, ಸರ್ಕಾರ ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತು, ಊರೆಲ್ಲ ಕೇಳುವಂತೆ ದರದ ಲೆಕ್ಕ ಬಿಡಿಸಿ ಹೇಳುವ ಸಾರ್ವಜನಿಕ ಜಾಗವೊಂದು ಇದ್ದಿದ್ದರೆ ಗುಂಡು ತಪ್ಪುತ್ತಿತ್ತು ಎಂದು ಹೇಳಲು ಬರುವುದಿಲ್ಲ. ಆದರೆ ಅಂಥ ಜಾಗ ಇಲ್ಲದ ಕಡೆ ಹೆದ್ದಾರಿಯೇ ಜನರ ಮೈಕ್ ಆಗುತ್ತದೆ ಎಂಬುದಂತೂ ನಿಜ.

ಅದೇ ಊರಿನ ವಖಾರಿಗಳಲ್ಲಿ ತಂಬಾಕಿನ ಧೂಳು ಕುಡಿಯುತ್ತ ದುಡಿಯುತ್ತಿದ್ದ ಹೆಣ್ಣುಮಕ್ಕಳಿಗೆ ಹೆದ್ದಾರಿಯೂ ಇರಲಿಲ್ಲ. ಅವರ ಮಾತು ದಾಖಲಾದದ್ದು ಬೇರೆ ದಾರಿಯಲ್ಲಿ. ದೀಪಾ ಧನರಾಜ್ ಮತ್ತು ಗೆಳತಿಯರ 'ಯುಗಾಂತರ್' ತಂಡ ತಿಂಗಳುಗಟ್ಟಲೆ ಅವರೊಡನೆ ಕುಳಿತು, ಕೂಲಿಯ ಬಗ್ಗೆ, ಮಾಲೀಕರ ಬಗ್ಗೆ, ಸಂಘ ಕಟ್ಟುವ ಬಗ್ಗೆ ಅವರು ಆಡಿದ್ದನ್ನು ಕೇಳಿಸಿಕೊಂಡಿತು. 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಮರಾಠಿ ಹೆಸರಿನ ಸಾಕ್ಷ್ಯಚಿತ್ರ ಹೊರಬಂತು. ಮೊದಲು ಕೇಳಿಸಿಕೊಳ್ಳುವುದು, ಆಮೇಲೆ ಪ್ರಸಾರ: ರೇಡಿಯೋ ಕಲಿಯಬೇಕಾಗಿದ್ದ ಪಾಠವನ್ನು ನಾಲ್ಕಾರು ಜನ ಕ್ಯಾಮೆರಾ ಹಿಡಿದು ಮಾಡಿ ತೋರಿಸಿದರು.

ಅಲೆಗಳ ಒಡೆಯರು ಯಾರು?

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಆಕಾಶದ ಅಲೆಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು. ಅದರ ಬಲದಿಂದ ಬಾಗಿಲು ನಿಧಾನವಾಗಿ ತೆರೆಯಿತು. ಸಮುದಾಯ ಬಾನುಲಿಯ ಪರವಾನಗಿ 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಸಿಕ್ಕಿತು. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯವರು ಕೇಬಲ್ ತಂತಿಯ ಮೂಲಕ ಊರಿನ ಮಾತನ್ನು ಊರಿಗೇ ಕೇಳಿಸಿದ್ದರು. ನಮ್ಮ ಕಡೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು 2007ರಲ್ಲಿ ಸಮುದಾಯ ಬಾನುಲಿ ಆರಂಭಿಸಿದರು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ 'ವೇಣುಧ್ವನಿ' ಬಂತು.

ಇಂಥ ಕೇಂದ್ರದ ಅಲೆ ಹತ್ತು ಹದಿನೈದು ಕಿಲೋಮೀಟರಿಗೆ ಮುಗಿಯುತ್ತದೆ. ಅದೇ ಅದರ ಗುಣ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಸ್ಥಳೀಯ ಜನರೇ ಸೇರಿ ಮಾಡಬೇಕು ಎಂಬ ನಿಯಮವೂ ಇದೆ. ಆದರೆ ತನ್ನದೇ ಸುದ್ದಿಯನ್ನು, ರಾಜಕೀಯ ವಿಷಯವನ್ನು ಅದು ಪ್ರಸಾರ ಮಾಡುವಂತಿಲ್ಲ. ಊರಿನ ನೀರು, ಊರಿನ ದರ, ಊರಿನ ಶಾಲೆ ಇವೆಲ್ಲ ಯಾವಾಗ ರಾಜಕೀಯವಾಗುತ್ತವೆ? ಆ ಗೆರೆಯನ್ನು ಎಳೆಯುವವರು ಕೇಳುವವರಲ್ಲ.

ಒಂದು ನದಿ, ಎರಡು ಭಯ

ಇದನ್ನೆಲ್ಲ ಈಗ ನೆನಪಿಸಲು ಕಾರಣವಿದೆ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಸಾಂಗ್ಲಿ–ಕೊಲ್ಹಾಪುರದವರು ಕೆಳಗಿನ ಆಲಮಟ್ಟಿಯತ್ತ ಬೆರಳು ತೋರಿಸಿದರು. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಯ ನದಿದಂಡೆಯವರು ಮೇಲಿನ ಕೊಯ್ನಾದಿಂದ ಎಷ್ಟು ನೀರು ಬಿಟ್ಟಾರೋ ಎಂದು ರಾತ್ರಿ ಎಚ್ಚರವಿದ್ದರು. ಬೇಸಿಗೆಯಲ್ಲಿ ಇದೇ ದಂಡೆಯವರು ಅದೇ ಕೊಯ್ನಾದ ನೀರಿಗಾಗಿ ಕಾಯುತ್ತಾರೆ. ಮರಾಠಿ ಪತ್ರಿಕೆ ಒಂದು ಭಯವನ್ನು ಬರೆಯುತ್ತದೆ, ಕನ್ನಡ ಪತ್ರಿಕೆ ಇನ್ನೊಂದನ್ನು. ಮೊಬೈಲಿನಲ್ಲಿ ಎರಡೂ ಭಯ ವದಂತಿಯಾಗಿ ಹರಡುತ್ತವೆ. ಪರಸ್ಪರರ ಭಯವನ್ನು ಕೇಳಿಸಿಕೊಳ್ಳುವ ಜಾಗ ಎಲ್ಲಿದೆ?

ಧಾರವಾಡ ಮತ್ತು ಸಾಂಗ್ಲಿ ಎರಡೂ ಒಂದೇ ಆಕಾಶವಾಣಿಯ ಕೇಂದ್ರಗಳು. ಮಳೆಗಾಲಕ್ಕೆ ಮೊದಲು ಇವೆರಡೂ ಕೂಡಿ ಎರಡು ಭಾಷೆಯಲ್ಲಿ ಕೆಲವು ಸಂಜೆಗಳನ್ನು ಕೊಟ್ಟರೆ ಸಾಕು. ಕುಡಚಿಯಲ್ಲಿ, ಉಗಾರದಲ್ಲಿ, ಅಂಕಲಿಯಲ್ಲಿ, ಆಚೆ ಶಿರೋಳ, ಮಿರಜದಲ್ಲಿ ಇಪ್ಪತ್ತಿಪ್ಪತ್ತು ಜನ ಕೂಡಿ ಕೇಳಲಿ. 1956ರ ಮಂಡಳಿಗಳು ಹೇಗಿದ್ದರೂ ಇರಲಿ, ಈ ಸಲ ಆ ಇಪ್ಪತ್ತರಲ್ಲಿ ಹತ್ತು ಹೆಂಗಸರಿರಲಿ. ನೀರು ಮನೆಯೊಳಗೆ ಬಂದಾಗ ಒಲೆಯನ್ನೂ ಮಕ್ಕಳನ್ನೂ ಎತ್ತಿಕೊಂಡು ಹೊರಡುವವರು ಅವರೇ. ಅಣೆಕಟ್ಟಿನ ಬಾಗಿಲು ಯಾವ ಲೆಕ್ಕದಲ್ಲಿ ತೆರೆಯುತ್ತದೆ, ಮುನ್ಸೂಚನೆ ಎಷ್ಟು ತಾಸು ಮೊದಲು ಬರುತ್ತದೆ, ಅದನ್ನು ಊರಿಗೆ ತಿಳಿಸುವ ಹೊಣೆ ಯಾರದು ಎಂದು ಅವರು ಕೇಳಲಿ. ಮುಂದಿನ ವಾರ ಎರಡೂ ರಾಜ್ಯದ ನೀರಾವರಿ ಅಧಿಕಾರಿಗಳು ಅದೇ ಮೈಕಿನ ಮುಂದೆ, ಹೆಸರು ಹೇಳಿಕೊಂಡು, ಉತ್ತರ ಕೊಡಲಿ.