ಗಾಲಿ ಮ್ಯಾಲಿನ ಸೀಟು

ದೀಪಾವಳಿ ಮುಗಿದ ಮರುವಾರ ಪುಣೆಯಿಂದ ಮಗಳ ಫೋನ್ ಬಂತು. "ಅಪ್ಪಾ, ನಿನ್ನೂ ಅವ್ವನ್ನೂ ಹಡಗಿನ್ಯಾಗ ಕಳಸಬೇಕಂತ ಮಾಡೇವಿ. ಮುಂಬೈಯಿಂದ ಗೋವಾಕ್ಕ ಹೋಗಿ ತಿರುಗಿ ಬರೂದು. ರೂಮ್ ಯಾವದು ಹಿಡೀಲಿ, ನೀನss ಹೇಳು." ಹಿಂದೆಯೇ ಹಡಗಿನ ನಕ್ಷೆಯನ್ನೂ ಮೊಬೈಲಿಗೆ ಕಳಿಸಿದಳು. ಅಂತಸ್ತಿಗೊಂದು ಚಿತ್ರ. ಒಂದೊಂದರಲ್ಲೂ ಜೇನುಹುಟ್ಟಿನಂತೆ ಒತ್ತೊತ್ತಾಗಿ ಕೂತ ಕೋಣೆಗಳು, ಬಣ್ಣಕ್ಕೊಂದು ದರ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ನನ್ನಾಕೆ ತಲೆ ಎತ್ತದೆಯೇ ಹೇಳಿದಳು: "ಕಿಡಕಿ ಇರ್ಲಿ. ಇಲ್ಲಾಂದ್ರ ನನಗ ವಾಂತಿ ಆಕ್ಕೈತಿ."

ನಾನು ಕೆರೂರಿನವ. 36 ವರ್ಷ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದು 2020ರಲ್ಲಿ ನಿವೃತ್ತನಾದವ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನಮ್ಮೂರ ಮೇಲೆಯೇ ಹಾಯುತ್ತದೆ. ಆ ದಾರಿಯಲ್ಲಿ ಟಿಕೆಟ್ ಪಂಚ್ ಮಾಡುತ್ತ, ವೇಬಿಲ್ ತುಂಬುತ್ತ, "ರೈಟ್" ಎನ್ನುತ್ತ ಆಯುಷ್ಯ ಕಳೆದಿದ್ದೇನೆ. ಅಲುಗಾಡುವ ಗಾಡಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾಕೆ ಅಲ್ಲೇ ಕೂರುತ್ತಾರೆ ಎಂಬುದನ್ನು ದಿನಾ ನೋಡಿದ್ದೇನೆ. ಹಡಗಿನ ನಕ್ಷೆ ನೋಡಿದಾಗಲೂ ನನಗೆ ಕಂಡದ್ದು ಬಸ್ಸೇ.

ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ಬರುವ ಮೊದಲೇ ಕಿಡಕಿಯಿಂದ ಟವೆಲ್ ಒಳಗೆ ಬೀಳುತ್ತಿತ್ತು. ಟವೆಲ್ ಬಿದ್ದರೆ ಸೀಟು ಹಿಡಿದಂತೆ. ಅದಕ್ಕೆ ಕಾಯಿದೆ ಇಲ್ಲ, ಆದರೆ ಅದನ್ನು ಮೀರಿದವನ ಜೊತೆ ಕುಳಗೇರಿ ಕ್ರಾಸ್ ತನಕ ಜಗಳ ನಡೆಯುತ್ತಿತ್ತು. ಬಲ್ಲವರು ಟವೆಲ್ ಎಸೆಯುತ್ತಿದ್ದ ಜಾಗವೇ ಬೇರೆ. ಹಿಂದಿನ ಉದ್ದ ಸೀಟು ಅವರಿಗೆ ಬೇಡ. ಹಂಪು ಬಂದಾಗಲೆಲ್ಲ ತಲೆ ತಗಡಿಗೆ ಬಡಿಯುತ್ತದೆ. ಗಾಲಿ ಮ್ಯಾಲಿನ ಸೀಟೂ ಬೇಡ. ಕಾಲು ಮಡಚಿಕೊಂಡೇ ಕೂರಬೇಕು, ತಗ್ಗು ನೇರ ಟೊಂಕಕ್ಕೆ ಬರುತ್ತದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಇರುವ ನಾಲ್ಕೈದು ಸಾಲೇ ಸುಖದ ಸಾಲು. ಬಿಸಿಲಿನ ಲೆಕ್ಕ ಇನ್ನೊಂದು. ಕೆರೂರಿನಿಂದ ಹುಬ್ಬಳ್ಳಿ ದಕ್ಷಿಣಕ್ಕಿದೆ. ಮುಂಜಾನೆ ಹೋಗುವಾಗ ಬಿಸಿಲು ಎಡಕ್ಕೆ, ಸಂಜೆ ಬರುವಾಗಲೂ ಎಡಕ್ಕೇ. ಹಾಗಾಗಿ ನಮ್ಮ ಅಡತಿ ಅಂಗಡಿಯ ಸಾಹುಕಾರರು ಹೋಗುವಾಗ, ಬರುವಾಗ ಎರಡೂ ಸಲ ಡ್ರೈವರನ ಮಗ್ಗಲಿನ ನಡುಸಾಲು ಹಿಡಿಯುತ್ತಿದ್ದರು. ಟಿಕೆಟ್ ದರ ಎಲ್ಲರಿಗೂ ಒಂದೇ. ಸುಖ ಮಾತ್ರ ಬುದ್ಧಿ ಇದ್ದವನ ಪಾಲು.

ಈ ಬುದ್ಧಿ ಬಸ್ಸಿನ ಜೊತೆ ಬಂದದ್ದಲ್ಲ. ನನ್ನ ತಾಯಿಯ ತವರು ಮಲಪ್ರಭೆಯ ದಂಡೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲೇ ಗತಿ. ಬಿದಿರಿನ ದಬ್ಬೆ ಹೆಣೆದು, ಹೊರಗೆ ಚರ್ಮ ಬಿಗಿದ ದುಂಡನೆಯ ಬುಟ್ಟಿ ಅದು. ಈಚೆಗೆ ಚರ್ಮದ ಬದಲು ಡಾಂಬರು ಬಳಿದ ಚೀಲ ಬಂದಿದೆ. ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ, ಮೇಲಿನ ಅಂತಸ್ತಿಲ್ಲ. ಆದರೂ ಜಾಗವಿತ್ತು, ಜಾಗದ ನೇಮವಿತ್ತು. ಅಂಬಿಗ ಮೊದಲು ಜೋಳದ ಚೀಲಗಳನ್ನು ನಟ್ಟನಡುವೆ ಇಡಿಸುತ್ತಿದ್ದ. ಹುಡುಗರನ್ನು ಚೀಲಕ್ಕೆ ಒರಗಿಸಿ ಕೂಡಿಸುತ್ತಿದ್ದ. ದೊಡ್ಡವರು ಸುತ್ತ ಅಂಚಿಗೆ, ದಪ್ಪ ಗೌಡರ ಎದುರಿಗೆ ಇನ್ನೊಬ್ಬ ದಪ್ಪ ಮನುಷ್ಯ. "ಕುಂಡ್ರ್ರೀ, ಏಳಬ್ಯಾಡ್ರೀ" ಎಂದು ಒಮ್ಮೆ ಗದರಿಸಿದ ಮೇಲೆಯೇ ಹುಟ್ಟು ನೀರಿಗಿಳಿಯುತ್ತಿತ್ತು. ಅವನು ಕೂಲಿಯನ್ನು ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳವಾಗಿ ಒಯ್ಯುತ್ತಿದ್ದವ. ರೊಕ್ಕಕ್ಕಿಂತ ಮೊದಲು ತೂಕ ನೋಡುತ್ತಿದ್ದ. ಗೌಡರಾದರೂ ಅವನು ತೋರಿಸಿದಲ್ಲೇ ಕೂರಬೇಕು.

ಅದೇ ಮಲಪ್ರಭೆಯ ದಂಡೆಗೆ ಐಹೊಳೆ ಇದೆ. ಅಲ್ಲಿಯ ಮೇಗುತಿ ಗುಡ್ಡದ ಜೈನ ಬಸದಿಯ ಗೋಡೆಗೆ 634ರಲ್ಲಿ ರವಿಕೀರ್ತಿ ಎಂಬ ಕವಿ ಬರೆಸಿದ ಶಾಸನವಿದೆ. ಇಮ್ಮಡಿ ಪುಲಿಕೇಶಿ ಮದ್ದಾನೆಗಳಂಥ ನೂರಾರು ಹಡಗು ಕಟ್ಟಿಕೊಂಡು ಪಡುವಣ ಕಡಲಿನ ಪುರಿ ಎಂಬ ಪಟ್ಟಣವನ್ನು ಮುತ್ತಿದ ಸಂಗತಿ ಅದರಲ್ಲಿದೆ. ಆ ಪುರಿ ಮುಂಬೈ ಬಂದರಿನಲ್ಲಿರುವ ಘಾರಾಪುರಿ ಎಂದು ಕೆಲವು ಇತಿಹಾಸಕಾರರ ಮತ. ಪುಲಿಕೇಶಿಯ ರಾಜಧಾನಿ ಬಾದಾಮಿ ಕೆರೂರಿನಿಂದ ಕೂಗಳತೆಯ ದೂರ. ಕರಿಮಣ್ಣಿನ ನಡುವೆ, ಕಡಲಿನಿಂದ ಇಷ್ಟು ದೂರ ಕೂತ ದೊರೆ ಹಡಗಿನ ಲೆಕ್ಕ ಹಾಕಿದ್ದ ಎಂದರೆ ನಾನು ಹಾಕುವುದರಲ್ಲಿ ತಪ್ಪೇನಿದೆ?

ಪುಲಿಕೇಶಿಯ ನಂತರವೂ ಈ ಸೀಮೆಗೂ ಕಡಲಿಗೂ ನಂಟು ಕಡಿಯಲಿಲ್ಲ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಬೆನ್ನೇರಿ, ಗಾಡಿಯೇರಿ, ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಬೆಳೆದದ್ದು ನಮ್ಮ ಎರೆಹೊಲ, ಆದರೆ ಪೇಟೆಯಲ್ಲಿ ಅದರ ಹೆಸರು "ಕುಮಟಾ ಹತ್ತಿ". 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಅರಳೆಗೆ ಬಂಗಾರದ ಬೆಲೆ ಬಂತು. ಮುಂದೆ ರೈಲು ಬಂದು, ಮುರಗಾಂವ ಬಂದರಿಗೆ ಹಳಿ ಇಳಿದು ಕುಮಟಾದ ಭರಾಟೆ ತಗ್ಗಿತು. ನಮ್ಮ ಭಾಗಕ್ಕೆ ಗದಗ–ಹೊಟಗಿ ಮೀಟರ್ ಗೇಜ್ ದಾರಿ ಬಂದದ್ದೂ 1880ರ ದಶಕದಲ್ಲೇ. ಆಮೇಲೆ ನಮ್ಮವರಿಗೆ ಮುಂಬೈ ಎಂದರೆ ಸೊಲ್ಲಾಪುರದ ಮೇಲೆ ಹಾದುಹೋಗುವ ರೈಲು. ಕರಾವಳಿಯವರಿಗೆ ಮಾತ್ರ ಇನ್ನೂ ಬಹಳ ಕಾಲ ಮುಂಬೈ ಎಂದರೆ ಹಡಗೇ ಆಗಿತ್ತು. ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರುಗಳ ಮುಂದೆ ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಆಗಬೋಟುಗಳು ನಿಲ್ಲುತ್ತಿದ್ದವು. ಮಳೆಗಾಲ ಬಂತೆಂದರೆ ಅವೂ ಬಂದ್.

ಆಚೆ ದೊಡ್ಡ ಕಡಲಿನ ಕಥೆ ಇನ್ನೂ ಸ್ವಾರಸ್ಯದ್ದು. ಹಾಯಿ ಹಡಗಿನ ಕಾಲದಲ್ಲಿ ಮರ್ಯಾದೆಯ ಕೋಣೆ ಹಿಂದಿನ ತುದಿಯಲ್ಲಿರುತ್ತಿತ್ತು. ಚುಕ್ಕಾಣಿ ಅಲ್ಲಿ, ಕಪ್ತಾನ ಅಲ್ಲಿ. ಮುಂದಿನ ಮೂತಿಗೆ ಅಪ್ಪಳಿಸುವ ನೀರು ಅಲ್ಲಿಗೆ ತಲುಪುವುದಿಲ್ಲ. ಉಗಿಹಡಗು ಬಂದ ಮೇಲೂ ಹಳೆಯ ರೂಢಿ ಬಿಡಲಿಲ್ಲ. ಹೆಚ್ಚು ರೊಕ್ಕ ಕೊಟ್ಟ ಸಾಹೇಬರನ್ನು ಹಿಂದೆಯೇ, ಗಡಗಡ ತಿರುಗುವ ಪಂಖದ ನೆತ್ತಿಯ ಮೇಲೆ ಮಲಗಿಸುತ್ತಿದ್ದರು. ನನ್ನ ಭಾಷೆಯಲ್ಲಿ ಹೇಳುವುದಾದರೆ ಡಬಲ್ ದರ ತೊಗೊಂಡು ಗಾಲಿ ಮ್ಯಾಲಿನ ಸೀಟು ಕೊಟ್ಟ ಹಾಗೆ. 1870ರಲ್ಲಿ ವೈಟ್ ಸ್ಟಾರ್ ಕಂಪನಿ ಓಶಿಯಾನಿಕ್ ಎಂಬ ಹಡಗನ್ನು ನೀರಿಗಿಳಿಸಿದಾಗ ಮೊದಲ ದರ್ಜೆಯ ಕೋಣೆಗಳನ್ನೂ ಊಟದ ಹಜಾರವನ್ನೂ ಹಡಗಿನ ನಡುಭಾಗಕ್ಕೆ ತಂದಿತು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ನಡುವೆ ಸಿರಿವಂತರು ಬಂದರು, ಎರಡು ತುದಿಗಳಿಗೆ ಬಡವರು ಸರಿದರು. 1912ರ ಟೈಟಾನಿಕ್‌ನಲ್ಲೂ ಹಾಗೆಯೇ. ಮೂರನೆಯ ದರ್ಜೆಯ ಒಂಟಿ ಗಂಡಸರು ಮೂತಿಯಲ್ಲಿ, ಒಂಟಿ ಹೆಂಗಸರು ಮತ್ತು ಸಂಸಾರಸ್ಥರು ಹಿಂತುದಿಯಲ್ಲಿ. ಮಲಪ್ರಭೆಯ ಅಂಬಿಗ ಮಕ್ಕಳಿಗೆ ಕೊಡುತ್ತಿದ್ದ ನಡುವಿನ ಜಾಗಕ್ಕೆ ಕಡಲಿನಲ್ಲಿ ದರ ಬಿತ್ತು.

ಬಿಸಿಲಿನ ಲೆಕ್ಕವೂ ಅಲ್ಲಿತ್ತು. ಇಂಗ್ಲೆಂಡಿನಿಂದ ಮುಂಬೈಗೆ ಬರುವ ಹಡಗಿನ ಎಡಮಗ್ಗಲು ಉತ್ತರಕ್ಕೆ, ಹೋಗುವ ಹಡಗಿನ ಬಲಮಗ್ಗಲು ಉತ್ತರಕ್ಕೆ. ನೆರಳು ಬೇಕಾದವರು ಬರುವಾಗ ಎಡ, ಹೋಗುವಾಗ ಬಲ ಹಿಡಿಯಬೇಕು. ಇಂಗ್ಲಿಷಿನ "ಪಾಶ್" ಎಂಬ ಮಾತು ಈ ಎಡ-ಬಲದ ಮೊದಲಕ್ಷರಗಳಿಂದ ಹುಟ್ಟಿತು ಎಂಬ ಕಥೆ ಬಹಳ ಓಡಾಡಿದೆ. ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ. ಅಂಥ ಮುದ್ರೆಯಿರುವ ಟಿಕೆಟ್ ಒಂದೂ ಸಿಕ್ಕಿಲ್ಲ. ಮಾತು ಸುಳ್ಳಿದ್ದರೂ ನೆರಳು ಸುಳ್ಳಲ್ಲ ಎಂದು ನಮ್ಮ ಅಡತಿ ಸಾಹುಕಾರರು ಹೇಳಿಯಾರು.

ಸವಣೂರಿನ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದದ್ದು ಇದೇ ದಾರಿಯ ಹಡಗಿನಲ್ಲಿ. ಆ ಪಯಣ ಕನ್ನಡಕ್ಕೆ "ಸಮುದ್ರಗೀತೆಗಳು" ಎಂಬ ಕವನ ಸಂಕಲನ ಕೊಟ್ಟಿತು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ರಜಪೂತಾನಾ ಹಡಗು ಹತ್ತಿದ ಗಾಂಧೀಜಿ ಎರಡನೆಯ ದರ್ಜೆಯ ಟಿಕೆಟ್ ತೊಗೊಂಡು ಹೆಚ್ಚು ಹೊತ್ತು ಬಯಲು ಡೆಕ್ಕಿನ ಮೇಲೆಯೇ ಕಳೆದರು. ಕೋಣೆಯನ್ನು ಬೇಡವೆನ್ನುವುದೂ ಒಂದು ಆಯ್ಕೆಯೇ.

ಡೆಕ್ಕಿನ ಸುಖ ದುಃಖ ನನಗೂ ಸ್ವಲ್ಪ ಗೊತ್ತು. 1979ರಲ್ಲಿ, 19ರ ವಯಸ್ಸಿನಲ್ಲಿ, ಸೋದರಮಾವನ ಬೆನ್ನು ಹತ್ತಿ ಕೆಲಸ ಹುಡುಕಲು ಮುಂಬೈಗೆ ಹೋಗಿದ್ದೆ. ಕೆಲಸ ಸಿಗಲಿಲ್ಲ. ತಿರುಗಿ ಬರುವಾಗ ಮಾವ, "ಹೆಂಗೂ ಬಂದೀದಿ, ಹಡಗರ ನೋಡು" ಎಂದು ಭಾವುಚಾ ಧಕ್ಕಾದಿಂದ ಪಣಜಿಗೆ ಹೋಗುವ ಹಡಗು ಹತ್ತಿಸಿದರು. ಆಗ ಕೊಂಕಣ ಸೇವಕ, ಕೊಂಕಣ ಶಕ್ತಿ ಎಂಬ ಹಡಗುಗಳು ಆ ದಾರಿಯಲ್ಲಿ ಓಡುತ್ತಿದ್ದವು. ನಮ್ಮದು ಡೆಕ್ಕಿನ ಟಿಕೆಟ್. ಜನ ಓಡೋಡಿ ಬಂದು ಚಾದರ ಹಾಸಿ ಜಾಗ ಹಿಡಿಯುತ್ತಿದ್ದರು. ಇಲ್ಲಿಯೂ ಟವೆಲಿನ ಕಾಯಿದೆಯೇ. ನಾನೂ ಅವ್ವ ಹೊಲಿದ ಕೌದಿಯನ್ನು ಬಗಲಲ್ಲಿ ಹಿಡಿದು ಗಾಳಿ ಚೆನ್ನಾಗಿ ಬರುತ್ತದೆಂದು ಮೂತಿಯ ಕಡೆ ಓಡಿದೆ. ಮಾಲವಣದ ಕಡೆಯ ಒಬ್ಬ ಮುದುಕಿ ನನ್ನ ಕೌದಿಯ ಅಂಚು ಹಿಡಿದು ಜಗ್ಗಿ, ಹಡಗಿನ ನಡುವೆ ಗಂಟುಮೂಟೆಗಳ ಪಕ್ಕ ತೋರಿಸಿದಳು. ಮರಾಠಿ ಅರ್ಧ ತಿಳಿಯಿತು, ಕೈಸನ್ನೆ ಪೂರ್ತಿ ತಿಳಿಯಿತು. ನಡುರಾತ್ರಿ ಅಲೆ ಎದ್ದಾಗ ಮೂತಿಯಲ್ಲಿ ಮಲಗಿದ್ದ ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ತೆವಳುತ್ತ ನಡುವಿಗೆ ಬಂದರು. ಅಷ್ಟರಲ್ಲಿ ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ನಾನು ಕೌದಿ ಹೊದ್ದು, ಉಳಿದ ರೊಟ್ಟಿಯ ಗಂಟಿಗೆ ತಲೆ ಕೊಟ್ಟು ಮಲಗಿದ್ದೆ.

ನಡುವಿನ ಜಾಗ ಬರೀ ಸುಖದ ಮಾತೂ ಅಲ್ಲ. ಅದೇ ಭಾವುಚಾ ಧಕ್ಕಾದಿಂದ 1947ರ ಜುಲೈ 17ರಂದು ರೇವಸಕ್ಕೆ ಹೊರಟ ರಾಮದಾಸ ಎಂಬ ಹಡಗು ಮಳೆಗಾಲದ ಬಿರುಗಾಳಿಗೆ ಸಿಕ್ಕಿತು. ಹೆದರಿದ ಜನ ಒಂದೇ ಮಗ್ಗಲಿಗೆ ನುಗ್ಗಿದರು, ಹಡಗು ಮಗುಚಿತು. 600ಕ್ಕೂ ಹೆಚ್ಚು ಜನ ಸತ್ತರು. "ಏಳಬ್ಯಾಡ್ರೀ" ಎಂದು ನಮ್ಮ ಅಂಬಿಗ ಗದರಿಸುತ್ತಿದ್ದುದು ಯಾಕೆ ಎಂಬುದು ಇದನ್ನು ಓದಿದ ಮೇಲೆ ನನಗೆ ತಿಳಿಯಿತು.

ಈಗ ಮಗಳು ಕಳಿಸಿದ ನಕ್ಷೆಗೆ ಬರುತ್ತೇನೆ. 2021ರಿಂದ ಮುಂಬೈಯಿಂದ ಓಡುತ್ತಿರುವ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಕಟ್ಟಿದ್ದು 1990ರಲ್ಲಿ, ಫ್ರಾನ್ಸಿನಲ್ಲಿ. ಉದ್ದ 211 ಮೀಟರ್; ನಮ್ಮ ಕೆಂಪು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೆ ಹೆಚ್ಚು ಕಡಿಮೆ 20 ಬಸ್ಸು. ದರದ ಪಟ್ಟಿ ನೋಡಿ ಮೊದಲು ನನಗೆ ನಗು ಬಂತು. ಎಲ್ಲಕ್ಕಿಂತ ತುಟ್ಟಿ ಕೋಣೆಗಳು ಮೇಲಿನ ಅಂತಸ್ತುಗಳಲ್ಲಿವೆ. ಹಡಗು ಹೊರಳುವುದು ಬೇವಿನ ಮರ ತೂಗಿದ ಹಾಗೆ: ತುದಿ ತೂಗುತ್ತದೆ, ಬೊಡ್ಡೆ ತೂಗುವುದಿಲ್ಲ. ಉದ್ದಕ್ಕೆ ಏರಿಳಿಯುವಾಗಲೂ ಎರಡು ತುದಿಗಳೇ ಹೆಚ್ಚು ಏಳುತ್ತವೆ, ನಡು ಕಡಿಮೆ. ಹಾಗಾದರೆ ಕೆಳಗಿನ ಅಂತಸ್ತಿನ ನಡುಭಾಗದ ಅಗ್ಗದ ಕೋಣೆಯೇ ಎಲ್ಲಕ್ಕಿಂತ ಗಟ್ಟಿ! ಹಿಂದಿನ ಕಾಲದಲ್ಲಿ ಕೆಳಗೆ ಗಾಳಿ ಇರಲಿಲ್ಲ, ಬಾಯ್ಲರಿನ ಧಗೆ ಇತ್ತು. ಅದಕ್ಕೇ ಅದು ಬಡವರ ಜಾಗ. ಈಗ ಏಸಿ ಬಂದು ಧಗೆ ಹೋಯಿತು. ಹಡಗಿನ ಹೊಟ್ಟೆಗೆ ರೆಕ್ಕೆಯಂಥ ಹಲಗೆ ಹಚ್ಚಿ ಹೊರಳಾಟವನ್ನೂ ತಗ್ಗಿಸಿದರು. ಹಾಗಾಗಿ ಇಂದು ದರ ಬಿದ್ದಿರುವುದು ನೋಟಕ್ಕೆ ಮತ್ತು ಬಾಲ್ಕನಿಗೆ.

"ಕೆಳಗಿಂದು, ನಡುವಿಂದು, ಕಿಡಕಿ ಇಲ್ಲದ್ದು ಹಿಡಿ, ರೊಕ್ಕಾನೂ ಉಳೀತಾವ" ಎಂದು ಮಗಳಿಗೆ ಹೇಳಿಬಿಟ್ಟೆ. ನನ್ನಾಕೆ ಶೇಂಗಾದ ಮೊರ ಬದಿಗಿಟ್ಟಳು. "ಮೂವತ್ತಾರು ವರ್ಷ ಬಸ್ಸಿನ್ಯಾಗ ವಾಂತಿ ಮಾಡೋರಿಗೆ ಎಲ್ಲಿ ಕೂಡಸ್ತಿದ್ರಿ?" ಎಂದಳು. ಕಿಡಕಿಗೆ. ಲಿಂಬಿಹಣ್ಣು ಕೈಗೆ ಕೊಟ್ಟು, ದೂರದ ಗುಡ್ಡ ನೋಡು ಎಂದು ಹೇಳಿ ಕಿಡಕಿಗೇ ಕೂಡಿಸುತ್ತಿದ್ದೆ. ಕಿವಿಯೊಳಗಿನ ಸಮತೋಲ ಅಲುಗಾಡುತ್ತಿದ್ದೇನೆ ಎನ್ನುತ್ತದೆ, ಮುಚ್ಚಿದ ಕೋಣೆಯ ಗೋಡೆ ನೋಡುವ ಕಣ್ಣು ಇಲ್ಲ ಎನ್ನುತ್ತದೆ. ಆ ಜಗಳವೇ ಹೊಟ್ಟೆ ತೊಳಸುತ್ತದೆ. ದೂರದ ಅಂಚು ಕಂಡರೆ ಜಗಳ ತಗ್ಗುತ್ತದೆ. ಅವಳ ಮಾತು ಸರಿ ಇತ್ತು.

ಕಡೆಗೆ ಕೆಳಗಿನ ಅಂತಸ್ತಿನ ನಡುಭಾಗದ ಕಿಡಕಿ ಕೋಣೆಯನ್ನೇ ಹಿಡಿದೆವು. ಅದರ ಮೇಲೂ ಕೆಳಗೂ ಬರೀ ಮಲಗುವ ಕೋಣೆಗಳಿವೆಯೇ ಎಂದು ನಕ್ಷೆಯ ಮೇಲೆ ನಕ್ಷೆ ಇಟ್ಟು ನೋಡಿಸಿದೆ. ನೆತ್ತಿಯ ಮೇಲೆ ಕುಣಿತದ ಹಾಲು, ತಳದಲ್ಲಿ ಅಡುಗೆಮನೆ ಇದ್ದರೆ ನಿದ್ದೆ ಇಲ್ಲ. ಕಿಡಕಿಯ ಮುಂದೆ ಜೀವರಕ್ಷಕ ದೋಣಿ ತೂಗುಬಿಟ್ಟಿಲ್ಲ ಎಂಬುದನ್ನೂ ಕೇಳಿ ತಿಳಿದುಕೊಂಡೆ.

ಹಡಗು ಹತ್ತುವ ನಮ್ಮ ಕಡೆಯವರಿಗೆ ಹಳೆಯ ಕಂಡಕ್ಟರನ ಮಾತು ಇಷ್ಟೇ: ಮೊದಲು ನಡು ನೋಡಿರಿ, ಆಮೇಲೆ ಕಿಡಕಿ ನೋಡಿರಿ, ದರವನ್ನು ಕಡೆಗೆ ನೋಡಿರಿ. ಹೆಚ್ಚು ರೊಕ್ಕ ಕೊಟ್ಟ ಮಾತ್ರಕ್ಕೆ ಸೀಟು ಗಾಲಿಯ ಮೇಲಿಂದ ಸರಿಯುವುದಿಲ್ಲ.