ಹೆಸರಲ್ಲಿ ಜಾತಿ ಇಲ್ಲದ ಪಕ್ಷ

ಅಂಬೇಡ್ಕರ್ ಅಂದ್ರೆ ಸಂವಿಧಾನ, ಮೀಸಲಾತಿ, ಬೌದ್ಧ ಧರ್ಮ. ನನ್ನ ಜತೆ ಕೆಲಸ ಮಾಡೋರನ್ನು ಕೇಳಿದರೆ ಇಷ್ಟು ಹೇಳ್ತಾರೆ. ಅವರು ಪಕ್ಷ ಕಟ್ಟಿ, ಚುನಾವಣೆ ಗೆದ್ದು, ವಿರೋಧ ಪಕ್ಷದಲ್ಲಿ ಕೂತು ಜಗಳ ಆಡಿದ್ದು ನನ್ನ ಶಾಲೆಯ ಪಾಠದಲ್ಲೂ ಇರಲಿಲ್ಲ.

ಆ ಪಕ್ಷ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ. ಹುಟ್ಟಿದ್ದು 1936ರ ಆಗಸ್ಟ್‌ನಲ್ಲಿ, ಮುಂಬೈ ಪ್ರಾಂತ್ಯದಲ್ಲಿ. ಆಗ ಬೆಳಗಾವಿ, ಧಾರವಾಡ, ವಿಜಾಪುರವೆಲ್ಲ ಅದೇ ಪ್ರಾಂತ್ಯ. 1937ರ ಚುನಾವಣೆಗೆ 17 ಜನರನ್ನು ನಿಲ್ಲಿಸಿದರು, 14 ಜನ ಗೆದ್ದರು. ಬೆಳಗಾವಿ ಜಿಲ್ಲೆಯಿಂದ ಗೆದ್ದ ಬಲವಂತ ಹನುಮಂತ ವರಾಳೆ ಅವರಲ್ಲೊಬ್ಬರು. 175 ಜನರ ಸಭೆಯಲ್ಲಿ 14 ಅಂದ್ರೆ ಎಷ್ಟು ಮಹಾ, ಬಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರು. ಅಸ್ಪೃಶ್ಯರ ಪಕ್ಷ ಅಂತಲೇ ಕರೆದಿದ್ದರೆ ಯಾರಿಗೂ ಆಶ್ಚರ್ಯ ಆಗ್ತಿರಲಿಲ್ಲ. ಅವರು ಇಟ್ಟದ್ದು ಕಾರ್ಮಿಕರ ಹೆಸರು. ಮೇಲ್ಜಾತಿಯಲ್ಲಿ ಹುಟ್ಟಿದ ಶ್ಯಾಮರಾವ್ ಪರುಳೇಕರ್ ಕೂಡ ಇದೇ ಪಕ್ಷದಿಂದ ಗೆದ್ದರು.

ಇದು ಬರೀ ತೋರಿಕೆಯಲ್ಲ ಅಂತ ಗೊತ್ತಾಗೋದು ಖೋತಿ ಜಗಳದಲ್ಲಿ. ಕೊಂಕಣದಲ್ಲಿ ಖೋತ ಅನ್ನೋನು ಸರ್ಕಾರಕ್ಕೂ ರೈತನಿಗೂ ನಡುವೆ ಕೂತವನು. ಗೇಣಿ ವಸೂಲಿ ಮಾಡ್ತಿದ್ದ, ಸರ್ಕಾರದ ಕಂದಾಯ ಕಟ್ಟಿ ಮಿಕ್ಕಿದ್ದನ್ನು ತಾನಿಟ್ಟುಕೊಳ್ತಿದ್ದ. ಬಿಟ್ಟಿ ಚಾಕರಿ ಬೇರೆ. (ಸುಗ್ಗಿಯಾದ ಮೇಲೆ ಕಣದಲ್ಲೇ ರಾಶಿ ಅರ್ಧ ಆಗೋದು ಅಂದ್ರೇನು ಅಂತ ಹಳ್ಳಿ ಕಡೆಯವರ ಅಜ್ಜಂದಿರನ್ನು ಕೇಳಿ.) ಅವನ ಕೈಕೆಳಗೆ ಮಹಾರರೂ ಇದ್ದರು, ಕುಣಬಿ ರೈತರು ಇನ್ನೂ ಹೆಚ್ಚಿದ್ದರು. 1937ರ ಸೆಪ್ಟೆಂಬರ್‌ನಲ್ಲಿ ಈ ಪದ್ಧತಿ ರದ್ದು ಮಾಡೋ ಮಸೂದೆ ಮಂಡಿಸಿದವರು ಅಂಬೇಡ್ಕರ್. 1938ರ ಜನವರಿ 10ರಂದು ಸುಮಾರು 20 ಸಾವಿರ ರೈತರು, ಕುಣಬಿ ಮಹಾರ ಅನ್ನದೆ, ಮುಂಬೈಯಲ್ಲಿ ಮೆರವಣಿಗೆ ನಡೆದರು. ಅದೇ ನವೆಂಬರ್ 7ರಂದು, ಮುಷ್ಕರದ ಹಕ್ಕು ಮೊಟಕು ಮಾಡೋ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜತೆ ಸೇರಿ ಒಂದು ದಿನದ ಮುಷ್ಕರ ನಡೆಸಿದರು.

ಕಾಂಗ್ರೆಸ್ ಸರ್ಕಾರ ಆ ಮಸೂದೆ ಪಾಸು ಮಾಡಿಕೊಂಡಿತು. ಖೋತಿ ಮಸೂದೆ ಪಾಸಾಗಲಿಲ್ಲ. ಖೋತಿ ಹೋಗೋದಕ್ಕೆ 1949ರ ಕಾನೂನು ಬರಬೇಕಾಯ್ತು.

ಅಷ್ಟರಲ್ಲಿ ಪಕ್ಷವೇ ಇರಲಿಲ್ಲ. 1942ರಲ್ಲಿ ಕ್ರಿಪ್ಸ್ ಬಂದು ಭಾರತದ ಮುಂದಿನ ಏರ್ಪಾಡು ಮಾತಾಡಿದಾಗ ಎಣಿಕೆ ನಡೆದದ್ದು ಸಮುದಾಯಗಳ ಲೆಕ್ಕದಲ್ಲಿ. ಅಸ್ಪೃಶ್ಯರಿಗೆ ಸಿಕ್ಕಿದ್ದು ಏನೂ ಇಲ್ಲ ಅನ್ನೋವಷ್ಟು ಕಡಿಮೆ. ಜುಲೈನಲ್ಲಿ ನಾಗಪುರದಲ್ಲಿ ಷೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ ಹುಟ್ಟಿತು. ಈಗ ಜಾತಿ ಹೆಸರಲ್ಲೇ ಬಂತು. ಅಂಬೇಡ್ಕರ್ ಜಾತಿಗೆ ವಾಪಸ್ ಹೋದರು ಅಂತ ದೂರೋರು ಇದ್ದಾರೆ. ಹಾಗೆ ದೂರೋರು ಆ ಎಣಿಕೆಯ ನಿಯಮ ಬರೆದವರು ಯಾರು ಅಂತಲೂ ಕೇಳಬೇಕಲ್ಲವೇ? ಪರುಳೇಕರ್ ಅಷ್ಟರಲ್ಲಾಗಲೇ ಕಮ್ಯುನಿಸ್ಟರ ಕಡೆ ಹೋಗಿದ್ದರು, ಮುಂದೆ ವಾರ್ಲಿ ಆದಿವಾಸಿಗಳ ನಡುವೆ ಕೆಲಸ ಮಾಡಿದರು.